ನಾನು ಯಾವ ನೇಮವನ್ನೂ ಹಿಡಿದಿರಲಿಲ್ಲ

ಮೂಡಲಗಿಯಲ್ಲಿ ಇವತ್ತಿಗೂ ಕೆಲವರು ನನ್ನನ್ನು ಕಂಡರೆ ಕೈ ಮುಗಿಯುತ್ತಾರೆ. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದಕ್ಕೆ ಮುಗಿದರೆ ಸಂತೋಷ, ತೆಗೆದುಕೊಳ್ಳುತ್ತೇನೆ. ಆದರೆ ಅವರು ಮುಗಿಯುವುದು ಅದಕ್ಕಲ್ಲ. ನಾನು ಒಂದೂವರೆ ವರ್ಷ ಅನ್ನ ನೀರಿನ ನೇಮ ಹಿಡಿದು, ಮೌನದಲ್ಲಿದ್ದು, ದೇಹ ದಂಡಿಸಿ, ಕೊನೆಗೆ ಏನೋ ಪವಾಡದಿಂದ ಎದ್ದು ಬಂದೆ ಎಂದು ನಂಬಿದ್ದಾರೆ. ಎಷ್ಟು ಹೇಳಿದರೂ ಆ ನಂಬಿಕೆ ಬಿಡುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಯಾವ ನೇಮವನ್ನೂ ಹಿಡಿದಿರಲಿಲ್ಲ. ನನಗೆ ಉಚ್ಚೆ ತಡೆಯುತ್ತಿರಲಿಲ್ಲ. ಸೀರೆ ಒದ್ದೆಯಾಗುತ್ತದೆಂದು ನೀರು ಕುಡಿಯುವುದನ್ನು ಬಿಟ್ಟಿದ್ದೆ. ಅಷ್ಟೇ ವಿಷಯ.

ಓದುವವರಿಗೆ ಈ ಮಾತು ಅಸಹ್ಯ ಅನಿಸಿದರೆ ಅನಿಸಲಿ. ಈ ಒಂದು ಮಾತನ್ನು ಯಾರೂ ಆಡದೆ ಇದ್ದುದರಿಂದ ನಾನು ಸಾಯುವ ಹಾಗಾಗಿತ್ತು.

ನಾನು ಮಸಗುಪ್ಪಿಯ ಸಾಲಿಯಲ್ಲಿ ಒಂದನೇ ಎರಡನೇ ಇಯತ್ತೆಯ, ಅಂದರೆ ತರಗತಿಯ, ಅಕ್ಕಾರಾಗಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಹಾಗೆಯೇ ಕರೆಯುವುದು. ನಮ್ಮದು ಜೈನರ ಮನೆ. ಯಜಮಾನರು ನಾನು ನೌಕರಿಯಲ್ಲಿದ್ದಾಗಲೇ ತೀರಿಕೊಂಡರು. ಮಗ ಪದ್ಮಣ್ಣ ಕಬ್ಬಿನ ಹೊಲ ನೋಡಿಕೊಳ್ಳುತ್ತಾನೆ. ಸೊಸೆ ಸುಮತಿ ನನ್ನದೇ ವಿದ್ಯಾರ್ಥಿನಿ, ಮಸಗುಪ್ಪಿಯವಳು. ಮದುವೆಯಾಗಿ ಬಂದು ಎಷ್ಟೋ ವರ್ಷವಾದರೂ ನನ್ನನ್ನು ಅತ್ತೆ ಅನ್ನುವುದಿಲ್ಲ, ಅಕ್ಕಾರು ಎಂದೇ ಕರೆಯುತ್ತಾಳೆ. ಇನ್ನೊಬ್ಬಳು ನಾದಿನಿ ಚಂಪಕ್ಕ, ಬಾಜೂ ಓಣಿಯವಳು. ಊರಿನ ಧರ್ಮವೆಲ್ಲ ತನ್ನ ಸೆರಗಿನ ಗಂಟಿನಲ್ಲಿದೆ ಎಂದುಕೊಂಡವಳು. ಈ ಕತೆಗೆ ಇಷ್ಟು ಜನ ಸಾಕು.

ನಿವೃತ್ತಿಯಾದ ಮೂರು ನಾಲ್ಕು ವರ್ಷಕ್ಕೆ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ನನ್ನ ಕಾಲು ಮಾತು ಕೇಳುವುದನ್ನು ಬಿಟ್ಟವು. ನೋವಿಲ್ಲ, ಬಾವಿಲ್ಲ. ಎತ್ತಬೇಕೆಂದರೆ ಪಾದ ನೆಲಕ್ಕೆ ಅಂಟಿಕೊಂಡು ಕೂಡುತ್ತಿತ್ತು. ಒಮ್ಮೆ ಹೊರಟರೆ ಸಣ್ಣ ಸಣ್ಣ ಹೆಜ್ಜೆ, ತಿರುಗಬೇಕೆಂದರೆ ಗೋಡೆ ಹಿಡಿಯಬೇಕು. ಬಸದಿಯ ಹೊಸ್ತಿಲು ದಾಟುವಾಗ ನಿಂತೇ ಬಿಡುತ್ತಿದ್ದೆ, ಹಿಂದಿನವರು ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದೇನೆ ಎಂದುಕೊಂಡು ಕಾಯುತ್ತಿದ್ದರು. ಗೋಕಾಕದ ಡಾಕ್ಟರು ಮೊಣಕಾಲು ಒತ್ತಿ ನೋಡಿದರು.

"ವಯಸ್ಸಾತಲ್ರಿ ಅಕ್ಕಾರ. ಅರವತ್ತು ದಾಟಿತು, ಇನ್ನ ಹಿಂಗ."

ಅವರು ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ಮೆಟ್ಟಿಲನ್ನು ದಡದಡ ಇಳಿದು ಹೋಗಿ ಸ್ಕೂಟರಿಗೆ ಕಿಕ್ ಹೊಡೆದರು.

ಆಮೇಲೆ ಮಾತು ತಡವಾಯಿತು. ಇದನ್ನು ಹೇಗೆ ತಿಳಿಸಲಿ? ಮರೆವು ಎಂದು ಎಲ್ಲರೂ ಅಂದರು. ಕೆಲವು ಹೆಸರು ಮರೆತಿದ್ದು ಖರೆ. ಆದರೆ ಹೆಚ್ಚಿನದು ಮರೆವಲ್ಲ. ಕೇಳಿದ್ದು ಗೊತ್ತಾಗುತ್ತಿತ್ತು, ಉತ್ತರವೂ ಹೊರಡುತ್ತಿತ್ತು, ಅದು ಬಾಯಿಗೆ ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. "ಅರವತ್ತಕ್ಕ ಅರಳುಮರಳು" ಎಂದು ನನ್ನೆದುರೇ ಹೇಳಿ ನಗುತ್ತಿದ್ದರು. ಆ ಗಾದೆ ಮಾಡಿದವನನ್ನು ಒಂದು ದಿನವಾದರೂ ನನ್ನ ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಬೇಕಿತ್ತು.

ಮೂರನೆಯದು ಬಂದದ್ದು ಒಂದು ಸೋಮವಾರ, ಅಡಿಗೆಮನೆಯಲ್ಲಿ. ಒಂದಕ್ಕೆ ಹೋಗಬೇಕು ಅನಿಸಿತು, ಎದ್ದೆ, ಕಾಲು ಏಳಲಿಲ್ಲ. ನಿಂತಲ್ಲೇ ಆಗಿಹೋಯಿತು. ನಾನು ನೆಲವನ್ನು ಸೆರಗಿನಿಂದ ಒರೆಸಿ, ತಂಬಿಗೆಯ ನೀರು ಚೆಲ್ಲಿತು ಅಂದೆ. ಸುಮತಿ ಬೇರೆ ಸೀರೆ ತಂದು ಕೊಟ್ಟಳು.

ಅಂದಿನಿಂದ ನಾನು ಬಸದಿಗೆ ಹೋಗಲಿಲ್ಲ. ಮೈಲಿಗೆಯ ಸೀರೆಯಲ್ಲಿ ಭಗವಂತನ ಎದುರು ಹೇಗೆ ನಿಲ್ಲುವುದು? ಮಧ್ಯಾಹ್ನದ ಮೇಲೆ ನೀರು ಬಿಟ್ಟೆ. ಸೂರ್ಯ ಮುಳುಗುವುದರೊಳಗೆ ಉಣ್ಣುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ನಾನು ಆ ಸಂಜೆಯ ಊಟವನ್ನೂ ಬಿಟ್ಟೆ. ಯಾರಾದರೂ ಬಂದರೆ ಗೋಡೆಗೆ ಒರಗಿ ಸುಮ್ಮನೆ ಕೂಡುತ್ತಿದ್ದೆ, ಎದ್ದರೆ ಎಲ್ಲಿ ಫಜೀತಿಯಾದೀತೋ ಎಂದು.

ಇದನ್ನೆಲ್ಲ ನೋಡಿದ ಚಂಪಕ್ಕ ಒಂದು ದಿನ ನಡುಮನೆಯಲ್ಲಿ ನಿಂತು ಗಲ್ಲ ಬಡಿದುಕೊಂಡಳು.

"ಪದ್ಮಣ್ಣಾ, ತಿಳೀಲಿಲ್ಲೇನೋ ನಿನಗ? ನಮ್ಮ ವೈನಿ, ನಿಮ್ಮವ್ವ, ನೇಮ ತೊಗೊಂಡಾರ. ದಿನಕ್ಕ ಒಂದ ಹೊತ್ತ ಊಟ, ಅಳತೀ ನೀರು, ಮಾತಿಲ್ಲ ಕತಿಯಿಲ್ಲ. ಯಾರಿಗೂ ಹೇಳದ ಹಿಡದಾರ, ಎಂಥಾ ದೊಡ್ಡ ಜೀವ!"

ಅಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಆ 'ಅಲ್ಲ' ಹೊರಬರುವಷ್ಟರಲ್ಲಿ ಅವಳು ನನ್ನ ಪಾದ ಹಿಡಿದಿದ್ದಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ವಾರದೊಳಗೆ ಓಣಿಯೆಲ್ಲ ಬಂತು. ಮಸಗುಪ್ಪಿಯಿಂದ ಗಾಡಿ ಮಾಡಿಕೊಂಡು ಬಂದರು. ತೆಂಗಿನಕಾಯಿ, ಬಾಳೆಹಣ್ಣು ಇಟ್ಟು, ಕಾಲು ಮುಟ್ಟಿ, ಪಿಸುಮಾತಿನಲ್ಲಿ "ಮುಖದಾಗ ಎಷ್ಟ ಶಾಂತಿ ಐತಿ ನೋಡ್ರಿ" ಅನ್ನುತ್ತಿದ್ದರು. ಅದು ಶಾಂತಿಯಲ್ಲ. ನನ್ನ ಮುಖ ನಗುವುದನ್ನೂ ಸಿಡುಕುವುದನ್ನೂ ಮರೆತಿತ್ತು. ಒಳಗೆ ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ. ಸಲ್ಲೇಖನದ ನೇಮ ಹಿಡಿದು ಅನ್ನ ನೀರು ಬಿಟ್ಟು ಹೋದ ದೊಡ್ಡವರನ್ನು ನಾನು ಕಂಡಿದ್ದೇನೆ, ಅವರ ಮುಂದೆ ನನ್ನ ತಲೆ ಇವತ್ತಿಗೂ ಬಾಗುತ್ತದೆ. ಅವರು ಬಯಸಿ, ಗುರುಗಳನ್ನು ಕೇಳಿ, ತಿಳಿದು ಹಿಡಿದವರು. ನಾನು ಒದ್ದೆ ಸೀರೆಗೆ ಹೆದರಿ ಕುಳಿತವಳು. ಇಡೀ ಮನೆ ನನ್ನನ್ನು ಗೌರವದಿಂದ ಸಾಯಲು ಬಿಟ್ಟಿತ್ತು. ನನಗೆ ಸಾಯುವುದು ಬೇಕಿರಲಿಲ್ಲ.

ಸುಮತಿಗೆ ಎಲ್ಲ ಗೊತ್ತಿತ್ತು. ದಿನಕ್ಕೆ ಎರಡು ಮೂರು ಸೀರೆ ಒಗೆದು, ಯಾರಿಗೂ ಕಾಣದ ಹಾಗೆ ಹಿತ್ತಲಲ್ಲಿ ಒಣಹಾಕುತ್ತಿದ್ದಳು. ನನ್ನ ಮಾನ ಕಾಯುತ್ತಿದ್ದಳು, ಪಾಪ. ನಾನು ಬಚ್ಚಲಲ್ಲಿ ಒಮ್ಮೆ ಬಿದ್ದ ಮೇಲೆ ಪದ್ಮಣ್ಣ ಆ ಬಾಗಿಲಿನ ಚಿಲಕ ಬಿಚ್ಚಿಟ್ಟ. ಚಿಲಕವಿಲ್ಲದ ಬಚ್ಚಲು ಅಂದರೆ ಏನೆಂದು ಗಂಡಸರಿಗೆ ತಿಳಿಯುವುದಿಲ್ಲ.

ನಾನು ಮೊಮ್ಮಗಳ ಹೆಸರು ತಪ್ಪಿದ ಮೇಲೆ ಪದ್ಮಣ್ಣ ಗಾಬರಿಯಾದ. ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಮರೆವಿನವರನ್ನೇ ನೋಡುತ್ತಾರೆಂದು ಯಾರೋ ಹೇಳಿದರಂತೆ. ಆಸ್ಪತ್ರೆಯ ಹೆಸರು ಬೇಡ. ಎಲ್ಲೆಡೆ ಆಗುವುದನ್ನೇ ಅಲ್ಲಿಯೂ ಮಾಡಿದರು.

ಆ ಕಾಯುವ ಹಾಲ್ ಮಾತ್ರ ಕಣ್ಣಿಗೆ ಕಟ್ಟಿದೆ. ಉದ್ದ ಬೆಂಚು, ನಮ್ಮಂಥ ಮುದುಕ ಮುದುಕಿಯರ ಸಾಲು, ಪ್ರತಿಯೊಬ್ಬರ ಪಕ್ಕದಲ್ಲಿ ಫೈಲು ಹಿಡಿದ ಒಬ್ಬ ಮಗ. ಒಳಗಿನಿಂದ ಹೆಸರು ಕೂಗುತ್ತಿದ್ದರು. ಹೆಸರು ಮುದುಕರದು, ಎದ್ದು ನಿಲ್ಲುತ್ತಿದ್ದವರು ಮಕ್ಕಳು. ನಮ್ಮನ್ನು ಚೀಲದ ಹಾಗೆ ಹಿಂದಿನಿಂದ ಒಯ್ಯುತ್ತಿದ್ದರು. ಎದುರು ಕುಳಿತ ಒಬ್ಬ ಅಜ್ಜ ನನ್ನನ್ನೇ ನೋಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಬಹುದಿತ್ತು, ಯಾರಿಗೂ ತೋಚಲಿಲ್ಲ.

ಒಳಗೆ ಎಳೆಯ ಡಾಕ್ಟರು ಕಾಗದ ನೋಡಿ ಪ್ರಶ್ನೆ ಓದಿದರು.

"ಇದು ಯಾವ ತಿಂಗಳು?"

ನಾನು ಯೋಚಿಸಿದೆ. ದಶಲಕ್ಷಣ ಪರ್ವ ನಡೆದಿತ್ತು, ನಾನು ಬಸದಿಗೆ ಹೋಗದೆ ಮನೆಯಲ್ಲೇ ಕುಳಿತಿದ್ದ ಸಂಕಟ ಮನಸ್ಸಿನಲ್ಲಿತ್ತು.

"ಭಾದ್ರಪದ."

"ತಾರೀಖು?"

"ಅಷ್ಟಮಿ."

ಅವರು ಎರಡಕ್ಕೂ ಸೊನ್ನೆ ಹಾಕಿದರು. ಸೊನ್ನೆ ತಲೆಕೆಳಗಾಗಿ ಕಂಡರೂ ಸೊನ್ನೆಯೇ, ಮೂವತ್ತು ವರ್ಷ ಹಾಕಿದವಳಿಗೆ ಗೊತ್ತಾಗದೆ ಇರುತ್ತದೆಯೇ? ಎರಡೂ ಉತ್ತರ ಸರಿಯಿದ್ದವು! ಅವರ ಕ್ಯಾಲೆಂಡರಿನಲ್ಲಿ ಇರಲಿಲ್ಲ, ಅಷ್ಟೇ. ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ ಅಂದರು. ಹದಿನಾರಕ್ಕೆ ಬರುವಷ್ಟರಲ್ಲಿ ಸಾಕು ಅಂದರು. ಆಮೇಲೆ ನನ್ನನ್ನು ಬಿಟ್ಟು ಪದ್ಮಣ್ಣನ ಕಡೆ ತಿರುಗಿದರು.

"ಮೂತ್ರ ವಿಸರ್ಜನೆಯಲ್ಲಿ ಏನಾದರೂ ತೊಂದರೆ?"

"ಇಲ್ರಿ, ಅಂಥಾದ್ದೇನಿಲ್ಲ" ಎಂದ ನನ್ನ ಮಗ, ಉಸಿರು ಬಿಡದೆ.

ಸುಮತಿ ಬಾಗಿಲ ಹೊರಗೆ ಕುಳಿತಿದ್ದಳು. ರೋಗಿಯ ಜೊತೆ ಒಬ್ಬರೇ ಒಳಗೆ ಬರಬೇಕೆಂಬ ನಿಯಮವಂತೆ.

ತಲೆಯ ಸ್ಕ್ಯಾನ್ ಆಯಿತು. "ಮಿದುಳು ಸೊರಗಿದೆ. ವಯಸ್ಸಿನ ಮರೆವಿನ ಕಾಯಿಲೆ. ಮನೆಯಲ್ಲಿ ಪ್ರೀತಿಯಿಂದ ನೋಡಿಕೊಳ್ಳಿ" ಎಂದು ಗುಳಿಗೆ ಬರೆದುಕೊಟ್ಟರು. ಸ್ಕ್ಯಾನಿನ ಫಿಲ್ಮು ಕಪಾಟಿನ ಮೇಲೆ ಹೋಗಿ ಕುಳಿತಿತು. ಆರು ತಿಂಗಳು ಅಲ್ಲೇ ಇತ್ತು. ನನ್ನ ಕಾಯಿಲೆಯ ಉತ್ತರ ಅದೇ ಫಿಲ್ಮಿನಲ್ಲಿತ್ತು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಆರು ತಿಂಗಳಲ್ಲಿ ನಾನು ಹಾಸಿಗೆ ಹಿಡಿದೆ. ಎರಡನೇ ಸಲ ಆಸ್ಪತ್ರೆಗೆ ಹೋಗಬೇಕಾದ ದಿನವೇ ಸಕ್ಕರೆ ಕಾರ್ಖಾನೆಯಿಂದ ನಮ್ಮ ಕಬ್ಬು ಕಡಿಯುವ ಪಾಳಿ ಬಂತು. ತಪ್ಪಿದರೆ ಮತ್ತೆ ಯಾವಾಗಲೋ. ಪದ್ಮಣ್ಣ ಹೊಲದಲ್ಲಿ ಉಳಿದ, ಸುಮತಿ ಒಬ್ಬಳೇ ನನ್ನನ್ನು ಜೀಪಿನಲ್ಲಿ ಕರೆದೊಯ್ದಳು. ನನ್ನ ಜೀವ ಉಳಿದದ್ದು ವೈದ್ಯಶಾಸ್ತ್ರದಿಂದ ಎಂದು ಯಾರಾದರೂ ಅಂದರೆ, ಮೊದಲು ಕಬ್ಬಿನ ಪಾಳಿಗೆ ಕೈ ಮುಗಿಯಿರಿ ಅನ್ನುತ್ತೇನೆ.

ಅದೇ ಕೋಣೆ, ಅದೇ ಎಳೆಯ ಡಾಕ್ಟರು. ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಹಿರಿಯ ಡಾಕ್ಟರು ಬೇರೆ ಫೈಲು ನೋಡುತ್ತಿದ್ದರು. ಈ ಸಲ ಒಳಗೆ ಬಂದವಳು ಸುಮತಿ. ಗುಳಿಗೆಯ ಮಾತು ನಡೆದಿತ್ತು. ನನಗೆ ಬೇಕು ಅನಿಸಿತು, ಈಗಲೇ, ಇಲ್ಲೇ. ಮಾತು ಹೊರಡಿಸಿದೆ, ಬರಲಿಲ್ಲ. ಆಗ ನನ್ನ ಕೈ ತಾನೇ ಎದ್ದಿತು. ಬೆರಳು ನಾಲ್ಕೂ ಮಡಚಿ, ಕಿರುಬೆರಳು ಮಾತ್ರ ಮೇಲೆ.

ಮೂವತ್ತು ವರ್ಷ ನಾನೇ ಕಲಿಸಿದ್ದು ಅದು. ಸಾಲಿಗೆ ಬಂದ ಮೊದಲ ದಿನ, ಅ ಬರೆಯುವುದಕ್ಕಿಂತ ಮೊದಲು: ಒಂದಕ್ಕೆ ಬಂದರೆ ನಾಚಬೇಡಿ, ಚಡ್ಡಿಯಲ್ಲಿ ಮಾಡಿಕೊಳ್ಳಬೇಡಿ, ಕಿರುಬೆರಳು ಎತ್ತಿ, ಅಕ್ಕಾರು ಬಯ್ಯುವುದಿಲ್ಲ.

ಎಳೆಯ ಡಾಕ್ಟರು ನನ್ನ ಬೆರಳು ನೋಡಿದರು. "ಹೀಗೆ ಅರ್ಥವಿಲ್ಲದೆ ಕೈ ಆಡಿಸುವುದು ಎಷ್ಟು ದಿನದಿಂದ ಇದೆ?" ಎಂದು ಕೇಳಿ ಬರೆಯತೊಡಗಿದರು.

ಸುಮತಿ ಎದ್ದು ನಿಂತಳು. ಹತ್ತು ಜನರೆದುರು ದನಿ ಎತ್ತಿದವಳಲ್ಲ ಅವಳು.

"ಅರ್ಥ ಐತ್ರಿ ಅದಕ್ಕ! ಒಂದಕ್ಕ ಕೇಳಾಕತ್ತಾರ ಅವರು. ನಮಗೆಲ್ಲಾ ಅವರ ಕಲಿಸ್ಯಾರ. ಅಕ್ಕಾರಿಗೆ ಉಚ್ಚಿ ತಡಿಯೂದಿಲ್ರಿ. ಒಂದೂವರೆ ವರ್ಷಾತು. ದಿನಾ ಸೀರಿ ಒಗ್ಯಾಕಿ ನಾನು, ನನ್ನನ್ನ ಒಬ್ಬರೂ ಕೇಳಿಲ್ಲ."

ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು, ಕುರ್ಚಿಯ ಮೇಲೇ. ಸುಮತಿ ಅಳುತ್ತ ತನ್ನ ಸೆರಗು ಹಾಸಿದಳು. ಪಕ್ಕದ ಟೇಬಲ್ಲಿನ ಹಿರಿಯ ಡಾಕ್ಟರು ಪೆನ್ನು ಕೆಳಗಿಟ್ಟರು.

"ಕಾಲು ಹೆಂಗ ಇಡತಾರ? ನೆಲಾ ಬಿಟ್ಟ ಏಳತಾವೋ, ತಿಕ್ಕಿಕೋತ ಹೊಕ್ಕಾವೋ?"

"ನೆಲಕ್ಕ ಅಂಟಿಕೊಂಡಂಗ ಆಗತಾವ್ರಿ."

ಅವರು ಸುಮತಿ ತಂದಿದ್ದ ಹಳೆಯ ಫಿಲ್ಮನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಎದುರು, ಸುಮತಿಯ ಎದುರಲ್ಲ, ನನ್ನ ಎದುರು ಕುಳಿತು ಹೇಳಿದರು.

"ಅಕ್ಕಾರ, ಇದು ಸೊರಗಿದ್ದಲ್ಲ ಅನಸ್ತೈತಿ. ತಲ್ಯಾಗ ನೀರ ನಿಂತೈತಿ. ಹೊಲದಾಗ ನೀರ ನಿಂತರ ಬಸಿಗಾಲುವಿ ತಗೀತೀರಿ ಹೌದಲ್ಲೋ? ಹಂಗ. ಮೊದಲ ಬೆನ್ನಾಗಿಂದ ಸ್ವಲ್ಪ ನೀರ ತಗದ ನೋಡೂಣು. ನಿಮ್ಮ ಕಾಲು ಸುಧಾರಿಸಿದರ, ಹೌದು ಅಂತ."

ಕುಡಿಯುವ ನೀರನ್ನು ಬಿಟ್ಟು ಕುಳಿತವಳ ತಲೆಯಲ್ಲಿ ನೀರು ನಿಂತಿತ್ತಂತೆ. ನಗು ಬಂತು. ಮುಖಕ್ಕೆ ಮಾತ್ರ ಬರಲಿಲ್ಲ.

ಮರುದಿನ ಓಣಿಯಂಥ ವರಾಂಡದಲ್ಲಿ ನನ್ನನ್ನು ನಡೆಸಿ ಗಡಿಯಾರ ನೋಡಿಕೊಂಡರು. ಆಮೇಲೆ ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ಮಡಚಿಸಿ ಬೆನ್ನಿಗೆ ಸೂಜಿ ಹಾಕಿದರು. ಭಯವಾಗಿತ್ತು, ಸುಳ್ಳು ಯಾಕೆ ಹೇಳಲಿ. ಸುಮತಿ ನನ್ನ ಕೈ ಹಿಡಿದುಕೊಂಡು, ನಾನು ಅವಳಿಗೆ ಕಲಿಸಿದ್ದ ಎರಡರ ಮಗ್ಗಿಯನ್ನು ಮೆಲ್ಲಗೆ ಹೇಳಿದಳು. ಎರಡು ಹತ್ತಲೆ ಇಪ್ಪತ್ತು ಮುಗಿಯುವುದರೊಳಗೆ ಸೂಜಿಯೂ ಮುಗಿಯಿತು.

ಊಟವಾಗಿ ಸುಮತಿ ಗಂಗಾಳ ತೊಳೆಯಲು ಹೋಗಿದ್ದಳು. ನನಗೆ ಬೇಕು ಅನಿಸಿತು. ಎದ್ದೆ. ಮಂಚದ ಬುಡ ದಾಟಿದೆ, ನೆಲ ಒರೆಸುವ ಬಕೆಟ್ಟನ್ನು ಬಳಸಿ ಹೋದೆ, ಬಾಗಿಲಿಗೆ ಬಂದೆ. ಪಾದ ನೆಲ ಬಿಟ್ಟು ಏಳುತ್ತಿದ್ದವು, ಬಿಟ್ಟು ಏಳುತ್ತಿದ್ದವು! ಅಲ್ಲಿದ್ದ ಆಯಾ ಒಬ್ಬಳು ಪೊರಕೆ ಎತ್ತಿ ಗದರಿದಳು.

"ಏ ಮುದುಕಿ, ಒಬ್ಬಾಕಿನ ಎಲ್ಲಿ ಹೊಂಟಿ? ಬಿದ್ದರ ನನಗ ಬೈತಾರ."

ಒಂದೂವರೆ ವರ್ಷ ನನ್ನ ಪಾದ ಮುಟ್ಟಿದವರು ಯಾರೂ ನನಗೆ ಇಷ್ಟು ಸುಖ ಕೊಟ್ಟಿರಲಿಲ್ಲ. ದೇವರು ಆ ಆಯಾಳ ಹೊಟ್ಟೆ ತಣ್ಣಗಿಡಲಿ.

ಸಂಜೆ ಇಬ್ಬರೂ ಡಾಕ್ಟರು ಬಂದರು. ಎಳೆಯವರು ಫೈಲು ತೆಗೆದು, ಸ್ವಲ್ಪ ಮುಖ ತಗ್ಗಿಸಿ, "ಮೊದಲ ಸಲವೇ ಕೇಳಿದ್ದೆವು, ತೊಂದರೆ ಇಲ್ಲ ಎಂದು ಹೇಳಿದ್ದಾರೆ. ಬರೆದಿದೆ ನೋಡಿ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಈ ಸಲ ಮಾತು ತಡವಾಗಲಿಲ್ಲ.

"ಯಾರನ್ನ ಕೇಳಿದ್ರಿ?"

ಅವರು ಫೈಲು ಮುಚ್ಚಿದರು. ನಾನು ಸೊನ್ನೆ ಹಾಕಲಿಲ್ಲ, ದೊಡ್ಡ ಮನಸ್ಸು ಮಾಡಿ ಬಿಟ್ಟೆ.

ಬೆನ್ನಿನಿಂದ ನೀರು ತೆಗೆದದ್ದರ ಗುಣ ಕೆಲವೇ ದಿನ. ಕಾಯಂ ಆಗಬೇಕಾದರೆ ತಲೆಯಿಂದ ಹೊಟ್ಟೆಗೆ, ಚರ್ಮದ ಕೆಳಗೆ, ಸಣ್ಣ ನಳಿಗೆ ಇಡಬೇಕೆಂದರು. ಪದ್ಮಣ್ಣ ಓಡಿ ಬಂದ, ಜೊತೆಗೆ ಚಂಪಕ್ಕ.

"ನೇಮದಾಗ ಇದ್ದ ಜೀವಾನ ತಲಿ ಕೊಯ್ಸತೀಯೇನೋ? ಸುಖದಿಂದ ಹೋಗಾಕ ಬಿಡ್ರಿ ಅವರನ್ನ."

"ಚಂಪಾ," ಎಂದೆ. "ನಾ ಯಾವ ನೇಮಾನೂ ಹಿಡದಿಲ್ಲ. ನನಗ ಉಚ್ಚಿ ತಡಿಯೂದಿಲ್ಲ. ಅದಕ್ಕ ನೀರ ಬಿಟ್ಟೇನಿ. ನನಗ ಬದುಕೂದೈತಿ."

ವಾರ್ಡಿನವರೆಲ್ಲ ತಿರುಗಿ ನೋಡಿದರು. ಚಂಪಕ್ಕ ಕಿವಿ ಮುಚ್ಚಿಕೊಂಡಳು. ಪದ್ಮಣ್ಣ ಕಾಗದಕ್ಕೆ ಸಹಿ ಮಾಡಲು ಪೆನ್ನು ತೆಗೆದ; ನಾನು ಕಸಿದುಕೊಂಡು ನಾನೇ ಮಾಡಿದೆ. ಅಕ್ಷರ ಸೊಟ್ಟಗಾದವು. ನನ್ನ ಎರಡನೇ ಇಯತ್ತೆಯವರು ಇನ್ನೂ ಚೆನ್ನಾಗಿ ಬರೆಯುತ್ತಿದ್ದರು.

ಆಪರೇಶನ್ನಿಗೆ ತಲೆ ಬೋಳಿಸಿದರು. ಮನೆಗೆ ಬಂದಾಗ ಆ ತಲೆ ಕಂಡು ಓಣಿಯ ಹೆಂಗಸರು ಮತ್ತೆ ಕೈ ಜೋಡಿಸಿದರು, ದೀಕ್ಷೆಗೆ ಕೂದಲು ಕೀಳುವ ಕೇಶಲೋಚವೇ ಆಯಿತೇನೋ ಎಂದು. ಇಂಥವರಿಗೆ ಏನು ಹೇಳುವುದು? ಹೊಲಿಗೆಯ ಗುರುತು ತೋರಿಸಿ, ಒಂದು ತಂಬಿಗೆ ನೀರು ತರಿಸಿ, ಅವರೆದುರೇ ಗಟಗಟ ಕುಡಿದೆ.

ಎಲ್ಲವೂ ಮೊದಲಿನಂತೆ ಆಯಿತು ಎಂದು ಹೇಳಲಾರೆ. ಹೆಸರುಗಳು ಈಗಲೂ ಕೈಕೊಡುತ್ತವೆ. ಕಿವಿಯ ಹಿಂದೆ ಮುಟ್ಟಿದರೆ ನಳಿಗೆ ಸಿಗುತ್ತದೆ, ಅದು ಕಟ್ಟಿಕೊಂಡರೆ ಎಂಬ ಹೆದರಿಕೆ ಇದ್ದೇ ಇದೆ. ಆದರೆ ನಡೆಯುತ್ತೇನೆ. ಬಸದಿಯ ಹೊಸ್ತಿಲು ದಾಟುತ್ತೇನೆ. ಮನೆಗೆ ಬಂದ ವಾರದಲ್ಲೇ ಪದ್ಮಣ್ಣನಿಂದ ಬಚ್ಚಲಿನ ಚಿಲಕ ತಿರುಗಿ ಹಾಕಿಸಿದೆ. ಅವನು ಸ್ಕ್ರೂ ತಿರುಗಿಸುತ್ತ, ನನ್ನ ಮುಖ ನೋಡದೆ ಹೇಳಿದ.

"ನನಗ ಗೊತ್ತಿತ್ತವ್ವಾ. ವಾಸನಿ ಬರತಿತ್ತು. ಡಾಕ್ಟರ ಮುಂದ ಹಡದವ್ವಂದು ಹೆಂಗ ಹೇಳಲಿ?"

ಅವನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಮೂರು ದಿನ ಮಾತಾಡಿಸಲಿಲ್ಲ. ನಾಲ್ಕನೇ ದಿನ ಮಾತಾಡಿಸಿದೆ, ಯಾಕೆಂದರೆ ಆ ಸಿಟ್ಟಿನಲ್ಲಿ ನನಗೆ ಸಲ್ಲುವ ಪಾಲೂ ಇತ್ತು. ಅಷ್ಟು ಮಕ್ಕಳಿಗೆ ನಾಚಬೇಡಿ ಎಂದು ಕಲಿಸಿದವಳು, ಮಾತು ಇನ್ನೂ ಬಾಯಿಯಲ್ಲಿದ್ದ ದಿನಗಳಲ್ಲಿ, ತಂಬಿಗೆಯ ನೀರು ಚೆಲ್ಲಿತು ಎಂದಿದ್ದೆ.

ಹೋದ ತಿಂಗಳು ಹುಕ್ಕೇರಿಯಿಂದ ಒಬ್ಬರು ತಂದೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ನನ್ನ ಸುದ್ದಿ ಯಾರಿಂದಲೋ ಕೇಳಿದ್ದರಂತೆ. ಅಜ್ಜ ಗಿರಣಿಯಲ್ಲಿ ದುಡಿದವರು, ಆಳೆತ್ತರದ ಮನುಷ್ಯ. ಅಂಗಳದಿಂದ ನಡುಮನೆಗೆ ಬರಲು ಬಹಳ ಹೊತ್ತು ಹಿಡಿಯಿತು. ಪಾದ ನೆಲ ಬಿಡುತ್ತಿರಲಿಲ್ಲ. ಮಗನೇ ಎಲ್ಲ ಹೇಳಿದರು: ಮರೆಯುತ್ತಾರೆ, ಮಾತು ಕಡಿಮೆ, ಎಲ್ಲ ಕಡೆ ತೋರಿಸಿದೆವು, ವಯಸ್ಸು ಅಂದರು. ಪದ್ಮಣ್ಣ ನನ್ನ ಮುಖ ನೋಡಿ ಕೇಳಿದ.

"ಅವರಿಗೆ ಉಚ್ಚಿ ತಡಿಯೂದು ತ್ರಾಸ ಐತೇನ್ರಿ?"

"ಇಲ್ಲಿಲ್ಲ, ಅಂಥಾದ್ದೇನಿಲ್ರಿ" ಎಂದರು ಮಗ, ಉಸಿರು ಬಿಡದೆ.

ನಾನು ಕುರ್ಚಿ ಎಳೆದುಕೊಂಡು ಅಜ್ಜನ ಎದುರು ಕುಳಿತೆ. ನನ್ನ ಕಿರುಬೆರಳು ಎತ್ತಿ ತೋರಿಸಿದೆ. ಮಗ ಏನೋ ಹೇಳಲು ಬಂದರು, ಸುಮತಿ ಕೈಸನ್ನೆ ಮಾಡಿ ಅವರನ್ನು ತಡೆದಳು. ಅಜ್ಜ ನನ್ನ ಬೆರಳನ್ನೇ ನೋಡಿದರು. ಉತ್ತರ ಹೊರಟಿದೆ, ದಾರಿಯಲ್ಲಿದೆ ಎಂದು ನನಗೆ ಗೊತ್ತಿತ್ತು. ನಾವೆಲ್ಲ ಕಾದೆವು. ಸುಮತಿ ಒಲೆಯ ಮೇಲಿಟ್ಟು ಬಂದ ಚಹಾ ಉಕ್ಕಿ ಹೋಯಿತು, ಯಾರೂ ಏಳಲಿಲ್ಲ.

"ಭಾಳ ದಿನಾ ಆತ್ರಿ ಅಕ್ಕಾರ" ಎಂದರು ಅಜ್ಜ. "ಯಾರೂ ಕೇಳಲಿಲ್ಲ."